ಸದ್ಯ ಕೇಳುತ್ತಿರುವ ಆಲ್ಬಂಗಳನ್ನು ಗೆಳೆಯರ ನಡುವೆ ಹಂಚಿಕೊಳ್ಳೋದು ಹೇಗೆ? ಬಲ್ಲವರು ಹೇಳಿ

ಪ್ರಶ್ನೆ

ನಾವು ಆರು ಜನ ಗೆಳೆಯರು. ಸದ್ಯ ಯಾರು ಯಾವ ಆಲ್ಬಂ ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿದ್ದೇವೆ ಅನ್ನೋದನ್ನು ಹಂಚಿಕೊಳ್ಳೋಣ ಅಂತ ಶುರು ಮಾಡಿದೆವು. ಆಗಿದ್ದಿಷ್ಟೇ: ಲಿಂಕುಗಳ ರಾಶಿ ಬೀಳುತ್ತೆ, ಯಾರೋ ಇಬ್ಬರು ಹೃದಯದ ಚಿಹ್ನೆ ಒತ್ತುತ್ತಾರೆ, ಪೂರ್ತಿ ಕೇಳುವವರು ಯಾರೂ ಇಲ್ಲ. ಎಲ್ಲರದ್ದೂ ಬೇರೆ ಬೇರೆ ಆ್ಯಪ್. ಒಬ್ಬರ ಹತ್ತಿರ ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಇದೆ, ಇಬ್ಬರು ಇಯರ್‌ಬಡ್‌ನಲ್ಲಿ ಮಾತ್ರ ಕೇಳುವವರು. ಬಿಡಿ ಹಾಡುಗಳಲ್ಲ, ಇಡೀ ಆಲ್ಬಂ ಹಂಚಿಕೊಳ್ಳಬೇಕು. ಇದಕ್ಕೊಂದು ಕ್ರಮ ಇದ್ದರೆ ತಿಳಿಸಿ.

ಉತ್ತರ 1

ಮೊದಲು ಲೆಕ್ಕ ಹಾಕಿ. ಆಲ್ಬಂ ಒಂದಕ್ಕೆ 45 ನಿಮಿಷ ಅಂತ ಹಿಡಿಯೋಣ. ಆರೂ ಜನ ವಾರಕ್ಕೊಂದೊಂದು ಹಾಕಿದರೆ, ಉಳಿದ ಐವರದ್ದು ಕೇಳೋಕೆ ಒಬ್ಬೊಬ್ಬರಿಗೂ ವಾರಕ್ಕೆ 3 ಗಂಟೆ 45 ನಿಮಿಷ ಬೇಕು. ಹೊಸ ಆಲ್ಬಂ ಒಂದೇ ಸಲಕ್ಕೆ ಹಿಡಿತಕ್ಕೆ ಬರೋದಿಲ್ಲ. ಎರಡು ಸಲ ಅಂದರೆ ಏಳೂವರೆ ಗಂಟೆ ಆಯ್ತು. ಇದು ಯಾರಿಂದಲೂ ಆಗದ ಮಾತು. ಹಾಗಾಗಿ ಗೆಳೆಯರಿಗೆ ಆಸಕ್ತಿ ಇಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಸರದಿ ಮಾಡಿ. ವಾರಕ್ಕೆ ಒಬ್ಬರು, ಒಂದೇ ಆಲ್ಬಂ. ಆರು ವಾರಕ್ಕೆ ಒಂದು ಸುತ್ತು ಮುಗಿಯುತ್ತೆ. 70 ನಿಮಿಷ ದಾಟಿದ ಆಲ್ಬಮ್ಮಿಗೆ ಎರಡು ವಾರ ಕೊಡಿ. ಸರದಿ ಬಂದವರು ಎರಡು ದಿನದೊಳಗೆ ಹಾಕದಿದ್ದರೆ ಸರದಿ ಮುಂದಿನವರಿಗೆ. ಕಾಯುತ್ತಾ ಕೂತರೆ ಅಲ್ಲಿಗೇ ನಿಂತುಹೋಗುತ್ತೆ. ನಡುವೆ ಯಾರಿಗಾದರೂ ಏನೋ ಸಿಕ್ಕಿ ತಡೆಯೋಕಾಗದಿದ್ದರೆ ಅದಕ್ಕೆ ಬೇರೆ ಜಾಗ ಇರಲಿ. ಅಲ್ಲಿ ಹಾಕಿದ್ದನ್ನು ಕೇಳಲೇಬೇಕು ಅಂತಿಲ್ಲ.

ಇನ್ನೊಂದು ಮಾತು. "ಸದ್ಯ ಕೇಳುತ್ತಿರುವುದು" ಅಂದಮೇಲೆ ಅದನ್ನೇ ಹಾಕಿ. ಜನ ತಮ್ಮ ಸಾರ್ವಕಾಲಿಕ ಮೆಚ್ಚಿನದ್ದನ್ನು ಹಾಕಿಬಿಡುತ್ತಾರೆ, ಅದು ಎಲ್ಲರಿಗೂ ಮೊದಲೇ ಗೊತ್ತಿರುತ್ತೆ. ಅನುಮಾನ ಬಂದರೆ ಆ್ಯಪ್‌ನ ಕೇಳಿದ ಇತಿಹಾಸ ನೋಡಿ: ಈ ತಿಂಗಳಲ್ಲಿ ಮೊದಲಿಂದ ಕೊನೆವರೆಗೆ ಕನಿಷ್ಠ ಮೂರು ಸಲ ಓಡಿರಬೇಕು. ಒಂದೇ ಸಲ ಕೇಳಿ ಉಬ್ಬಿಹೋಗಿ ಹಾಕಿದ ಆಲ್ಬಮ್ಮಿನ ಬಗ್ಗೆ ಹಾಕಿದವರಿಗೇ ಹೇಳೋಕೆ ಏನೂ ಇರೋದಿಲ್ಲ.

ಉತ್ತರ 2

ಇತಿಹಾಸ ನೋಡುವಾಗ ಒಂದು ಎಚ್ಚರ. ನೀವು ಕೇಳಿದ್ದನ್ನೆಲ್ಲ ದಾಖಲಿಸಿಡುವ ಲಾಸ್ಟ್.ಎಫ್‌ಎಂ ಥರದ ಸೇವೆಗಳು ಟ್ರ್ಯಾಕ್ ಲೆಕ್ಕದಲ್ಲಿ ಎಣಿಸುತ್ತವೆ. 30 ಸೆಕೆಂಡಿಗಿಂತ ಉದ್ದದ ಟ್ರ್ಯಾಕು ಅರ್ಧ ಓಡಿದರೆ, ಅಥವಾ 4 ನಿಮಿಷ ಓಡಿದರೆ, ಒಂದು ಎಣಿಕೆ. ಹಾಗಾಗಿ 20 ಟ್ರ್ಯಾಕಿನ ಪಂಕ್ ಆಲ್ಬಂ ಒಂದು ಸಲ ಕೇಳಿದರೆ 20, ಎರಡೇ ಟ್ರ್ಯಾಕಿನ ಒಂದು ಗಂಟೆಯ ರಾಗ ವಿಸ್ತಾರ ಕೇಳಿದರೆ 2. ಎಣಿಕೆ ಬಿಟ್ಟು ಸಮಯ ನೋಡಿ.

ಈಗ ಲಿಂಕಿನ ವಿಷಯ. ಬರೀ ಲಿಂಕ್ ಹಾಕಬೇಡಿ. ಕಲಾವಿದರು, ಆಲ್ಬಮ್ಮಿನ ಹೆಸರು, ವರ್ಷ, ಆವೃತ್ತಿ, ಒಟ್ಟು ನಿಮಿಷ, ಟ್ರ್ಯಾಕ್ ಸಂಖ್ಯೆ ಇಷ್ಟನ್ನೂ ಅಕ್ಷರದಲ್ಲಿ ಬರೆಯಿರಿ. ಪರವಾನಗಿ ಬದಲಾದಾಗ ಆಲ್ಬಂಗಳು ಆ್ಯಪ್‌ನಿಂದ ಮಾಯವಾಗುತ್ತವೆ, ಲಿಂಕ್ ಸತ್ತುಹೋಗುತ್ತೆ. ಬರೆದದ್ದು ಮಾತ್ರ ಉಳಿಯೋದು. ಬೇರೆ ಬೇರೆ ಆ್ಯಪ್ ಇರುವ ಕಡೆ ಸಾಂಗ್‌ಲಿಂಕ್‌ನಂಥ ಸೇವೆಗೆ ಒಂದು ಲಿಂಕ್ ಕೊಟ್ಟರೆ ಎಲ್ಲ ಆ್ಯಪ್‌ಗಳ ಲಿಂಕೂ ಒಂದೇ ಪುಟದಲ್ಲಿ ಸಿಗುತ್ತೆ. ಆದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದು ಆ್ಯಪ್‌ನಲ್ಲಿ ಮೂಲ ಆವೃತ್ತಿಗೆ, ಇನ್ನೊಂದರಲ್ಲಿ ಡೀಲಕ್ಸ್ ಆವೃತ್ತಿಗೆ ಜೋಡಿಸಿಬಿಡೋದುಂಟು. ಟ್ರ್ಯಾಕ್ ಸಂಖ್ಯೆ ತಾಳೆ ನೋಡಿದರೆ ಕೂಡಲೇ ಗೊತ್ತಾಗುತ್ತೆ.

ಆವೃತ್ತಿ ಯಾಕೆ ಅಷ್ಟು ಮುಖ್ಯ ಅಂದರೆ, ಹೆಸರು ಒಂದೇ ಇದ್ದರೂ ಕಿವಿಗೆ ಬೀಳೋದು ಬೇರೆಯೇ ಇರಬಹುದು. ಜಾಝ್ ಕಲಾವಿದ ಮೈಲ್ಸ್ ಡೇವಿಸ್ ಅವರ 1959ರ "ಕೈಂಡ್ ಆಫ್ ಬ್ಲೂ" ತಗೊಳ್ಳಿ. ಅದರ ಮೊದಲ ಮೂರು ಟ್ರ್ಯಾಕ್ ಮುದ್ರಿಸಿಕೊಂಡ ಟೇಪ್ ಯಂತ್ರ ತುಸು ನಿಧಾನ ಓಡುತ್ತಿತ್ತು. ಸರಿಯಾದ ವೇಗದಲ್ಲಿ ನುಡಿಸಿದಾಗ ಸಂಗೀತ ಸ್ವಲ್ಪ ಬೇಗವಾಗಿ, ಶ್ರುತಿ ಸ್ವಲ್ಪ ಮೇಲೇರಿ ಕೇಳುತ್ತೆ. ದಶಕಗಟ್ಟಲೆ ಹಾಗೇ ಮಾರಾಟವಾಗಿ, 1990ರ ದಶಕದ ಮರುಬಿಡುಗಡೆಗಳಲ್ಲಿ ಸರಿಯಾಯ್ತು. ಒಬ್ಬರು ಹಳೇ ಎಲ್‌ಪಿ, ಇನ್ನೊಬ್ಬರು ಹೊಸ ಆವೃತ್ತಿ ಕೇಳಿ ಅದರ ಜೊತೆ ಗಿಟಾರ್ ಹಿಡಿದು ಕೂತರೆ ಶ್ರುತಿ ಹೊಂದೋದಿಲ್ಲ.

ಡೀಲಕ್ಸ್ ಆವೃತ್ತಿಯದ್ದು ಇನ್ನೂ ದೊಡ್ಡ ಕಾಟ. 40 ನಿಮಿಷದ ಆಲ್ಬಮ್ಮಿಗೆ ಬಾಲ ಕಟ್ಟಿದ ಹಾಗೆ ಡೆಮೊ, ಲೈವ್, ರೀಮಿಕ್ಸ್ ಸೇರಿಸಿ ಎರಡು ಗಂಟೆ ಮಾಡಿರುತ್ತಾರೆ. ಬೇರೆ ಸಿಗದಿದ್ದರೆ ಅದನ್ನೇ ಕೊಡಿ, ಆದರೆ "ಟ್ರ್ಯಾಕ್ 9ಕ್ಕೆ ಮುಗಿಯಿತು, ಅಲ್ಲೇ ನಿಲ್ಲಿಸಿ" ಅಂತ ಬರೆಯಿರಿ. ಎಷ್ಟೋ ಆಲ್ಬಂಗಳು ಕೊನೆಯ ಹಾಡು ಮುಗಿದ ಮೇಲಿನ ಮೌನಕ್ಕಾಗಿಯೇ ಕಟ್ಟಿದವು. ಅಲ್ಲಿ ತಕ್ಷಣ ಮೊದಲ ಹಾಡಿನ ಹಸಿ ಡೆಮೊ ಶುರುವಾದರೆ ಎಲ್ಲ ಹಾಳು.

ಉತ್ತರ 3

ಧ್ವನಿಮುದ್ರಣದ ಕಡೆಯಿಂದ ಹೇಳಬೇಕಾದದ್ದು. ಮೊದಲ ಸಲ ಕೇಳುವ ಮುನ್ನ ಪ್ಲೇಯರ್‌ನಲ್ಲಿ ಐದು ಕಡೆ ಕಣ್ಣಾಡಿಸಿ: ಶಫಲ್, ಆಟೋಪ್ಲೇ, ಕ್ರಾಸ್‌ಫೇಡ್, ವಾಲ್ಯೂಮ್ ನಾರ್ಮಲೈಸೇಶನ್, ಸ್ಪೇಷಿಯಲ್ ಆಡಿಯೊ.

ಶಫಲ್ (ಹಾಡುಗಳ ಕ್ರಮ ಕಲಸೋದು) ಆಫ್ ಇರಬೇಕು ಅಂತ ಹೇಳಬೇಕಿಲ್ಲ. ಆಟೋಪ್ಲೇ ಕಪಟಿ. ಆಲ್ಬಂ ಮುಗಿದ ಕೂಡಲೇ ಅದೇ ಥರದ ಬೇರೆಯವರ ಹಾಡು ಶುರುವಾಗುತ್ತೆ, ಪರಿಚಯವಿಲ್ಲದ ಕಲಾವಿದರಾದರೆ ಕೇಳುಗರಿಗೆ ಗೊತ್ತೇ ಆಗೋದಿಲ್ಲ. "ಕೊನೆಯ ಎರಡು ಹಾಡು ಚೆನ್ನಾಗಿತ್ತು" ಅನ್ನುತ್ತಾರೆ, ಆ ಹಾಡು ಆಲ್ಬಮ್ಮಿನಲ್ಲೇ ಇರೋದಿಲ್ಲ. ಕ್ರಾಸ್‌ಫೇಡ್ ಸೊನ್ನೆಗೆ ಇಡಿ; 5 ಸೆಕೆಂಡ್ ಇಟ್ಟಿದ್ದರೆ ಒಂದು ಹಾಡಿನ ಕೊನೆಯ ಸ್ವರದ ಮೇಲೆ ಮುಂದಿನದ್ದರ ಮೊದಲ ಪೆಟ್ಟು ಬೀಳುತ್ತೆ. ಕ್ರಾಸ್‌ಫೇಡ್ ಬೇರೆ, ಗ್ಯಾಪ್‌ಲೆಸ್ ಬೇರೆ. ಗ್ಯಾಪ್‌ಲೆಸ್ ಅಂದರೆ ಹಾಡುಗಳ ನಡುವೆ ಇಲ್ಲದ ಮೌನ ಸೇರಿಸದೆ ಓಡಿಸೋದು, ಅದು ಯಾವಾಗಲೂ ಆನ್ ಇರಬೇಕು.

ನಾರ್ಮಲೈಸೇಶನ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಹೆಚ್ಚು ಎಡವಟ್ಟಾಗೋದು ಇಲ್ಲೇ. ಸ್ಪಾಟಿಫೈನಲ್ಲಿ ಸಾಮಾನ್ಯ ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ), ಅಂದರೆ ಎಲ್ಲವನ್ನೂ ಹೆಚ್ಚುಕಮ್ಮಿ ಆ ಗಟ್ಟಿತನಕ್ಕೆ ತರೋದು. ಆಲ್ಬಮ್ಮನ್ನು ಆಲ್ಬಮ್ಮಾಗಿ ಕ್ರಮವಾಗಿ ಓಡಿಸಿದರೆ ಇಡೀ ಆಲ್ಬಮ್ಮಿಗೆ ಒಂದೇ ತಿದ್ದುಪಡಿ. ಮೆಲ್ಲಗಿನ ಹಾಡು ಮೆಲ್ಲಗೇ, ಜೋರಿನದ್ದು ಜೋರಾಗಿಯೇ ಉಳಿಯುತ್ತೆ. ಅದೇ ಹಾಡುಗಳನ್ನು ಪ್ಲೇಲಿಸ್ಟಿಗೆ ಹಾಕಿ ಕಳಿಸಿದರೆ, ಅಥವಾ ಶಫಲ್ ಮಾಡಿದರೆ, ಪ್ರತಿ ಟ್ರ್ಯಾಕಿಗೂ ಬೇರೆ ಬೇರೆ ತಿದ್ದುಪಡಿ ಆಗುತ್ತೆ. ಎರಡು ಅಬ್ಬರದ ಹಾಡುಗಳ ನಡುವೆ ಉಸಿರಾಡೋಕೆ ಅಂತ ಇಟ್ಟ ಒಂದೂವರೆ ನಿಮಿಷದ ಪಿಯಾನೊ ತುಣುಕು ಅಕ್ಕಪಕ್ಕದವುಗಳಷ್ಟೇ ಗಟ್ಟಿಯಾಗಿ ಬಂದು ನಿಲ್ಲುತ್ತೆ. ಅದಕ್ಕೇ ಆಲ್ಬಮ್ಮಿನ ಲಿಂಕನ್ನೇ ಕಳಿಸಿ, ಪ್ಲೇಲಿಸ್ಟ್ ಮಾಡಿ ಕಳಿಸಬೇಡಿ. ಸ್ವಂತ ಫೈಲ್ ಇಟ್ಟುಕೊಂಡವರು ಪ್ಲೇಯರ್‌ನ ರೀಪ್ಲೇಗೇನ್ (ಗಟ್ಟಿತನ ಸಮ ಮಾಡುವ ಸೆಟ್ಟಿಂಗ್) ಆಯ್ಕೆಯಲ್ಲಿ "ಟ್ರ್ಯಾಕ್" ಬದಲು "ಆಲ್ಬಂ" ಆರಿಸಿ. ಅದೇ ತರ್ಕ.

ಸ್ಪೇಷಿಯಲ್ ಆಡಿಯೊ: ಆ್ಯಪಲ್ ಮ್ಯೂಸಿಕ್‌ನಲ್ಲಿ ಡಾಲ್ಬಿ ಅಟ್ಮಾಸ್ (ಸದ್ದು ಸುತ್ತಲಿಂದ ಬಂದಂತೆ ಕೇಳಿಸುವ ಮಿಕ್ಸ್) "ಆಟೋಮ್ಯಾಟಿಕ್" ಇದ್ದರೆ, ಹೊಂದುವ ಹೆಡ್‌ಫೋನ್ ಹಾಕಿದವರಿಗೆ ಬೇರೆಯೇ ಮಿಕ್ಸ್ ಬರುತ್ತೆ. ಒಬ್ಬರಿಗೆ ದನಿ ಮುಂದೆ, ಇನ್ನೊಬ್ಬರಿಗೆ ವಾದ್ಯಗಳ ನಡುವೆ. ಮೊದಲ ಸಲ ಎಲ್ಲರೂ ಸ್ಟೀರಿಯೊದಲ್ಲೇ ಕೇಳಿ, ಆಮೇಲೆ ಬೇಕಾದರೆ ಹೋಲಿಸಿ.

ಫೈಲ್ ಹಂಚುವವರಿಗೆ ಒಂದಿಷ್ಟು (ಕಲಾವಿದರೇ ಮುಕ್ತವಾಗಿ ಬಿಟ್ಟದ್ದು, ನೀವೇ ಮಾಡಿದ್ದು ಮಾತ್ರ, ಹಕ್ಕುಸ್ವಾಮ್ಯ ಇರೋದಕ್ಕೆ ಲಿಂಕ್ ಸಾಕು). 45 ನಿಮಿಷದ ಆಲ್ಬಂ 320 ಕೆಬಿಪಿಎಸ್ ಎಂಪಿ3 ಆದರೆ ಸುಮಾರು 108 ಎಂಬಿ, ಸಿಡಿ ಗುಣಮಟ್ಟದ ಫ್ಲ್ಯಾಕ್ (ಸದ್ದಿನಲ್ಲಿ ಏನೂ ಕಳೆಯದೆ ಕುಗ್ಗಿಸಿದ ಫೈಲ್) ಆದರೆ ಬಹುಪಾಲು 250ರಿಂದ 300 ಎಂಬಿ. ಹಾಡಿಂದ ಹಾಡಿಗೆ ಕೂಡಿಕೊಂಡು ಹೋಗುವ ಆಲ್ಬಂ ಇದ್ದರೆ ಫ್ಲ್ಯಾಕ್ ಕಳಿಸಿ. ಎಂಪಿ3 ಹಾಡನ್ನು ಫ್ರೇಮ್ ಅನ್ನೋ ಸಣ್ಣ ತುಂಡುಗಳಾಗಿ ಇಡುತ್ತೆ; ಪ್ರತಿ ಫ್ರೇಮಿನಲ್ಲೂ 1152 ಸ್ಯಾಂಪಲ್ (ಸದ್ದಿನ ಅಳತೆಯ ಬಿಂದು), ಸಿಡಿಯ ಸ್ಯಾಂಪಲ್ ವೇಗದಲ್ಲಿ ಸುಮಾರು 26 ಮಿಲಿಸೆಕೆಂಡ್. ಹಾಡು ಸರಿಯಾಗಿ ಫ್ರೇಮಿನ ಅಂಚಿಗೆ ಮುಗಿಯೋದಿಲ್ಲ, ಉಳಿದ ಜಾಗದಲ್ಲಿ ಮೌನ ತುಂಬುತ್ತೆ. ಶುರುವಿನಲ್ಲೂ ಎನ್‌ಕೋಡರ್ (ಎಂಪಿ3 ಮಾಡುವ ತಂತ್ರಾಂಶ) ಸ್ವಲ್ಪ ಮೌನ ಸೇರಿಸುತ್ತೆ. ಎರಡು ಹಾಡು ಸೇರುವ ಕಡೆ "ಟಕ್" ಅಂತ ಕಡಿದಂತೆ ಕೇಳೋದು ಅದೇ. ಲೇಮ್ ಎನ್‌ಕೋಡರ್ ಈ ಲೆಕ್ಕವನ್ನು ಫೈಲಿನ ಆರಂಭದಲ್ಲಿ ಬರೆದಿಡುತ್ತೆ, ಓದಬಲ್ಲ ಪ್ಲೇಯರ್ ಆ ಮೌನ ಕತ್ತರಿಸುತ್ತೆ. ಅದೇ ಫೈಲನ್ನು ಮತ್ತೊಂದು ಪರಿವರ್ತಕದಲ್ಲಿ ಹಾಕಿ ತೆಗೆದರೆ ಸೇರಿಕೊಂಡ ಮೌನ ಹಾಡಿನ ಭಾಗವೇ ಆಗಿಬಿಡಬಹುದು, ಆಮೇಲೆ ಕತ್ತರಿಸೋಕೆ ಲೆಕ್ಕ ಸಿಗೋದಿಲ್ಲ.

ಫೈಲ್ ಹೆಸರಿನಲ್ಲಿ 1, 2 ಅಲ್ಲ, 01, 02 ಅಂತ ಹಾಕಿ. ಇಲ್ಲದಿದ್ದರೆ ಎಷ್ಟೋ ಪ್ಲೇಯರ್‌ಗಳಲ್ಲಿ 1 ಆದಮೇಲೆ 10 ಬರುತ್ತೆ. ಟ್ಯಾಗ್‌ನಲ್ಲಿ (ಫೈಲಿನೊಳಗೆ ಬರೆದಿಡುವ ಹಾಡಿನ ವಿವರ) "ಆಲ್ಬಂ ಆರ್ಟಿಸ್ಟ್" ಖಾಲಿ ಬಿಟ್ಟರೆ, ಅತಿಥಿ ಗಾಯಕರಿರುವ ಹಾಡುಗಳೆಲ್ಲ ಬೇರೆ ಬೇರೆ ಆಲ್ಬಮ್ಮಾಗಿ ಒಡೆದುಹೋಗುತ್ತವೆ. ಜಿಪ್ ಮಾಡಿ ಕಳಿಸೋದು ಒಳ್ಳೆಯದು.

ಉತ್ತರ 4

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಸೆಟ್ಟಿಂಗ್ ತಪ್ಪಿದ್ದಕ್ಕೆ ಯಾರೂ ಆಲ್ಬಂ ಅರ್ಧಕ್ಕೆ ಬಿಡೋದಿಲ್ಲ. ಜೊತೆಗೆ ಬರೆದ ಟಿಪ್ಪಣಿ ಕೆಲಸಕ್ಕೆ ಬಾರದ್ದು ಅಂತ ಬಿಡುತ್ತಾರೆ.

"ಅದ್ಭುತ, ಮಿಸ್ ಮಾಡ್ಬೇಡಿ, ಮಾಸ್ಟರ್‌ಪೀಸ್" ಅನ್ನೋದರಲ್ಲಿ ಯಾವ ಮಾಹಿತಿಯೂ ಇಲ್ಲ. ಕೇಳುವವರಿಗೆ ಬೇಕಾದದ್ದು ಇಂಥದ್ದು:

"44 ನಿಮಿಷ, 9 ಟ್ರ್ಯಾಕ್. ಬರೀ ಪಿಟೀಲು, ಡಬಲ್ ಬಾಸ್, ಡ್ರಮ್, ಮಾತಿಲ್ಲ. ಮೊದಲ ಎರಡು ಟ್ರ್ಯಾಕ್ ತಾಳವೇ ಹಿಡಿಯೋದಿಲ್ಲ ಅನಿಸುತ್ತೆ, ಮೂರನೆಯದರವರೆಗೆ ತಾಳಿ. ಟ್ರ್ಯಾಕ್ 5ರಲ್ಲಿ 3:10ಕ್ಕೆ ಡ್ರಮ್ ಪೂರ್ತಿ ನಿಂತು ಬಾಸ್ ಒಂದೇ ಉಳಿಯುತ್ತೆ, ಅಲ್ಲಿಂದ ಪಿಟೀಲು ಹೇಗೆ ಒಳಗೆ ಬರುತ್ತೆ ಗಮನಿಸಿ. ಟ್ರ್ಯಾಕ್ 8 ಇಷ್ಟವಾಗಲಿಲ್ಲ ಅಂದರೆ ದಾಟಿಸಿ, ತೊಂದರೆ ಇಲ್ಲ. ಅಡುಗೆ ಮಾಡುತ್ತಾ ಕೇಳುವಂಥದ್ದಲ್ಲ."

ಇದರಲ್ಲಿ ನಾಲ್ಕು ಸಂಗತಿ ಇವೆ. ಎಷ್ಟು ಹೊತ್ತು ಮತ್ತು ಏನು ವಾದ್ಯ. ಎಲ್ಲಿ ತಾಳ್ಮೆ ಬೇಕು. ಕಿವಿ ಇಡಬೇಕಾದ ಒಂದು ಜಾಗ, ನಿಮಿಷ–ಸೆಕೆಂಡ್ ಸಮೇತ. ಹೇಗೆ ಕೇಳಬೇಕು. ಮೂರನೆಯದ್ದು ಒಂದೇ ಇರಲಿ. ಎಂಟು ಕಡೆ ಗುರುತು ಹಾಕಿ ಕೊಟ್ಟರೆ ಕೇಳುಗರು ಗಡಿಯಾರ ನೋಡುತ್ತಾ ಕೂರುತ್ತಾರೆ. ಆಲ್ಬಮ್ಮಿನ ಅತಿ ಎತ್ತರದ ಕ್ಷಣವನ್ನು ತೋರಿಸಬೇಡಿ, ಅದನ್ನು ಅವರೇ ಕಂಡುಕೊಳ್ಳಲಿ. ಸುಲಭವಾಗಿ ತಪ್ಪಿಹೋಗುವ ಒಂದು ಸಣ್ಣ ಜಾಗ ತೋರಿಸಿ.

ಭಾಷೆ ಗೊತ್ತಿಲ್ಲದ ಹಾಡುಗಳಿದ್ದರೆ ಪ್ರತಿ ಹಾಡಿಗೂ ಒಂದೇ ಸಾಲಿನಲ್ಲಿ ವಿಷಯ ಬರೆಯಿರಿ, ಪೂರ್ತಿ ಅನುವಾದ ಬೇಡ. ಹತ್ತಕ್ಕೆ ಎಷ್ಟು ಅಂಕ ಅನ್ನೋ ಪದ್ಧತಿ ಇಟ್ಟುಕೊಳ್ಳಲೇಬೇಡಿ. ಗೆಳೆಯರು ಹಾಕಿದ್ದಕ್ಕೆ 4 ಕೊಡೋಕೆ ಸಂಕೋಚ, ಎಲ್ಲವೂ 7–8ರಲ್ಲಿ ಬಂದು ಕೂರುತ್ತೆ. ಅದರ ಬದಲು ವಾರದ ಕೊನೆಗೆ ಎರಡೇ ಪ್ರಶ್ನೆ: ಯಾವ ಟ್ರ್ಯಾಕಿಗೆ ಮತ್ತೆ ವಾಪಸ್ ಹೋದಿರಿ? ಎಲ್ಲಿ ಗಮನ ತಪ್ಪಿತು? "ಗಮನ ತಪ್ಪಿತು" ಅನ್ನೋದು ಯಾರಿಗೂ ನೋವು ಮಾಡೋದಿಲ್ಲ, ಆದರೂ ನಿಜ ಹೊರಗೆ ಬರುತ್ತೆ.

ಉತ್ತರ 5

ಎಲ್‌ಪಿ ಇರುವ ಗೆಳೆಯರಿಗೆ. ಕೈಯಿಂದ ಕೈಗೆ ಕೊಡೋದಾದರೆ ಮೊದಲು ಆ ಕಡೆಯ ಟರ್ನ್‌ಟೇಬಲ್ ಯಾವುದು ಅಂತ ಕೇಳಿ. ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳ (ಸೂಜಿ ಕೂರಿಸಿದ ತಲೆಭಾಗ) ಸೂಜಿ ತಟ್ಟೆಯ ಮೇಲೆ ಹಾಕುವ ಭಾರ ಸಾಮಾನ್ಯವಾಗಿ 1.5ರಿಂದ 2.5 ಗ್ರಾಂ. ಸೂಟ್‌ಕೇಸ್ ಮಾದರಿಯ ಅಗ್ಗದ ಯಂತ್ರಗಳ ಸೆರಾಮಿಕ್ ಕಾರ್ಟ್ರಿಜ್ ಅದರ ಎರಡು ಪಟ್ಟು ಅಥವಾ ಇನ್ನೂ ಹೆಚ್ಚು ಒತ್ತುತ್ತೆ, ತೂಕ ಹೊಂದಿಸೋ ವ್ಯವಸ್ಥೆಯೂ ಇರೋದಿಲ್ಲ. ಅಪರೂಪದ ಪ್ರತಿ ಅದಕ್ಕೆ ಕೊಡಬೇಡಿ. ಮುಖ ಮುರಿದಂತಾಗುತ್ತೆ ಅಂತ ಸಂಕೋಚ ಬಂದರೆ ಸ್ಟ್ರೀಮಿಂಗ್ ಲಿಂಕ್ ಕೊಟ್ಟು ಸುಮ್ಮನಿರಿ.

ಕಳಿಸುವಾಗ ತಟ್ಟೆಯನ್ನು ಒಳಚೀಲದ ಸಮೇತ ಹೊರಕವಚದಿಂದ ತೆಗೆದು, ಕವಚದ ಹಿಂದೆ ಇಟ್ಟು, ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಒಳಗೇ ಬಿಟ್ಟರೆ ಸಾಗಣೆಯಲ್ಲಿ ತಟ್ಟೆ ಜಾರಿ ಕವಚದ ಅಂಚು ಸೀಳುತ್ತೆ. ಎರಡೂ ಬದಿಗೆ ಗಟ್ಟಿ ರಟ್ಟು, ಅದರ ಏಣುಗಳು ಒಂದಕ್ಕೊಂದು ಅಡ್ಡಡ್ಡ ಇರಲಿ, ಆಗ ಬಾಗೋದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬೇಡಿ, ಮಲಗಿಸಿ ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ. ಕೊಡುವ ಮುನ್ನ ಓರೆ ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆದು ಇಬ್ಬರ ಬಳಿಯೂ ಇಟ್ಟುಕೊಳ್ಳಿ. ಆಮೇಲೆ ಗೀರಿನ ಬಗ್ಗೆ ಜಗಳ ಇಲ್ಲ.

ಸಿಡಿ ಆದರೆ ಒರೆಸುವಾಗ ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ. ಸುತ್ತಲೂ ಒರೆಸಿದರೆ ಗೀರು ದತ್ತಾಂಶದ ಹಾದಿಯುದ್ದಕ್ಕೂ ಬೀಳುತ್ತೆ, ಯಂತ್ರ ಅದನ್ನು ತಿದ್ದಿಕೊಳ್ಳಲಾರದು.

ಸ್ಟ್ರೀಮಿಂಗ್‌ನಲ್ಲಿ ಕೇಳುವವರಿಗೂ ಎಲ್‌ಪಿ ಕಾಲದ ಆಲ್ಬಮ್ಮಿನ ಬಗ್ಗೆ ಒಂದು ಕೆಲಸ ಮಾಡಿ: ಬಿ ಬದಿ ಯಾವ ಟ್ರ್ಯಾಕಿನಿಂದ ಶುರು ಅಂತ ಬರೆಯಿರಿ. 12 ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು 22 ನಿಮಿಷ ದಾಟಿದರೆ ಗಟ್ಟಿತನ ಇಳಿಸಬೇಕಾಗುತ್ತೆ, ಹಾಗಾಗಿ ಆಗ ಆಲ್ಬಂ ಕಟ್ಟಿದ್ದೇ ನಾಟಕದ ಎರಡು ಅಂಕಗಳ ಹಾಗೆ. ಬದಿಯ ಕೊನೆಗೆ ಹೆಚ್ಚಾಗಿ ಮೆಲ್ಲಗಿನ ಹಾಡು ಯಾಕೆ ಅಂದರೆ, ತಟ್ಟೆಯ ಒಳಸುತ್ತಿನಲ್ಲಿ ಸೂಜಿ ಕ್ರಮಿಸುವ ಉದ್ದ ಕಡಿಮೆ, ಜೋರಿನ ತಾರಸ್ವರ ಅಲ್ಲಿ ಸೀಳುತ್ತೆ. ಬಿ ಬದಿಯ ಮುಂಚೆ ಎರಡು ನಿಮಿಷ ನಿಲ್ಲಿಸಿ ಕೇಳಿದರೆ ಆ ಕಟ್ಟಡ ಕಾಣುತ್ತೆ.

ಉತ್ತರ 6

ಹಿಂದುಸ್ತಾನಿ, ಕರ್ನಾಟಕ ಸಂಗೀತದ ಆಲ್ಬಂ ಹಾಕುವವರು ಇದನ್ನೂ ಸೇರಿಸಿ. ಇಯರ್‌ಬಡ್ ಹಾಕಿಕೊಂಡು ಬಸ್ಸಿನಲ್ಲಿ ಕೇಳಿದರೆ ಎಂಜಿನ್ನಿನ ಮಂದ್ರದ ಗದ್ದಲ ಮೊದಲು ನುಂಗೋದೇ ತಂಬೂರಿಯ ಕೆಳಗಿನ ಷಡ್ಜ, ತಬಲಾದ ಎಡ, ಮೃದಂಗದ ಗುಮ್ಕಿ (ಎಡಬದಿಯ ಆಳದ ನಾದ). ಉಳಿಯೋದು ಆಧಾರ ಇಲ್ಲದ ಒಂಟಿ ದನಿ. "ಬೋರ್ ಆಯ್ತು" ಅನ್ನೋದರಲ್ಲಿ ಅರ್ಧ ಇದರದ್ದೇ ಪಾಲು. ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಮೊದಲ 15 ನಿಮಿಷವಾದರೂ ಸದ್ದಿಲ್ಲದ ಕಡೆ ಕೇಳಿ.

ಒಂದು ಗಂಟೆಯ ವಿಲಂಬಿತ್ (ನಿಧಾನ ಲಯದ ಗಾಯನ, ವಾದನ) ಕೊಟ್ಟು "ಕೇಳಿ" ಅಂದರೆ ಹೊಸಬರು ಹೆದರುತ್ತಾರೆ. ಸಮ (ತಾಳದ ಮೊದಲ ಪೆಟ್ಟು) ಎಲ್ಲಿ ಬೀಳುತ್ತೆ ಅಂತ ಒಂದೇ ಒಂದು ಆವರ್ತನಕ್ಕೆ (ತಾಳದ ಒಂದು ಪೂರ್ತಿ ಸುತ್ತು) ನಿಮಿಷ–ಸೆಕೆಂಡ್ ಬರೆದುಕೊಡಿ, ಎರಡು ಅಂಕಿ ಸಾಕು. ಏಕತಾಳದ ಅತಿ ವಿಲಂಬಿತದಲ್ಲಿ ಒಂದು ಆವರ್ತನವೇ ಒಂದು ನಿಮಿಷ ಹತ್ತಿರ ಹೋಗಬಹುದು, ಹೇಳದಿದ್ದರೆ ಕಂಡುಹಿಡಿಯೋದು ಕಷ್ಟ. ಎಲ್‌ಪಿ ಕಾಲದ ಮುದ್ರಣಗಳಲ್ಲಿ ರಾಗ ಬದಿಯ ಅಳತೆಗೆ ಕುಗ್ಗಿರುತ್ತೆ, ಕೆಲವು ಮಸುಕಾಗಿ ಮುಗಿಯುತ್ತವೆ. 1982ರಲ್ಲಿ ಸಿಡಿ ಬಂದಮೇಲೆ 74 ನಿಮಿಷ ಸಿಕ್ಕಿದ್ದರಿಂದ ಒಂದೇ ರಾಗವನ್ನು ತುಂಡು ಮಾಡದೆ ಇಡೋಕಾಯ್ತು. ಹೊಸ ಕೇಳುಗರಿಗೆ ಎಲ್‌ಪಿ ಕಾಲದ 20 ನಿಮಿಷವೇ ವಾಸಿ.

78 ಆರ್‌ಪಿಎಂ ತಟ್ಟೆಗಳಿಂದ (ಎಲ್‌ಪಿಗಿಂತ ಹಿಂದಿನ ಕಾಲದವು) ಮಾಡಿದ ಸಂಕಲನ ಒಂದೇ ಸಲ ಕೂತು ಪೂರ್ತಿ ಕೇಳಬೇಡಿ. ಒಂದೊಂದೂ ಮೂರು ನಿಮಿಷದಲ್ಲಿ ಪೂರ್ತಿ ಹೇಳಿ ಮುಗಿಸಿದ್ದು. ದಿನಕ್ಕೆ ಐದಾರು ಸಾಕು.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗ ಆಯ್ತು. ಎರಡು ಸಂದೇಹ. ಪಟ್ಟಿ ಎಲ್ಲಿ ಇಡೋದು? ಆರೂ ಜನ ಬೇರೆ ಬೇರೆ ಕಡೆ ಇದ್ದು ಒಟ್ಟಿಗೆ ಒಂದೇ ಹೊತ್ತಿಗೆ ಕೇಳೋಕಾಗುತ್ತಾ?

ಉತ್ತರ 7

ಪಟ್ಟಿಗೆ ಹಂಚಿಕೊಂಡ ಸ್ಪ್ರೆಡ್‌ಶೀಟ್ ಸಾಕು. ಕಾಲಂಗಳು: ದಿನಾಂಕ, ಹಾಕಿದವರು, ಕಲಾವಿದರು, ಆಲ್ಬಂ, ವರ್ಷ, ಆವೃತ್ತಿ, ನಿಮಿಷ, ಲಿಂಕ್, ಆಮೇಲೆ ಆರು ಜನರಿಗೆ ಒಂದೊಂದು ಕಾಲಂ. ಅದರಲ್ಲಿ ಅವರು ವಾಪಸ್ ಹೋದ ಟ್ರ್ಯಾಕಿನ ಸಂಖ್ಯೆ ಮಾತ್ರ. ಖಾಲಿ ಬಿಟ್ಟರೆ ಯಾಕೆ ಅಂತ ಯಾರೂ ಪ್ರಶ್ನಿಸಬಾರದು. ಎರಡು ಸುತ್ತು ಮುಗಿದಾಗ ಯಾರ ರುಚಿ ಯಾರಿಗೆ ಹೊಂದುತ್ತೆ ಅಂತ ತಾನಾಗಿ ಕಾಣುತ್ತೆ. ಒಂದೇ ಹೆಸರಿನ ಆಲ್ಬಂ, ಕಲಾವಿದರ ಹೆಸರನ್ನೇ ಇಟ್ಟ ಆಲ್ಬಂ ಬಹಳ ಇರೋದರಿಂದ ಆವೃತ್ತಿಯ ಕಾಲಮ್ಮಿನಲ್ಲಿ ಬಾರ್‌ಕೋಡ್ ಸಂಖ್ಯೆ ಹಾಕಿದರೆ ಗೊಂದಲವೇ ಇಲ್ಲ. ಆಲ್ಬಂಗಳ ವಿವರ ಕಲೆಹಾಕುವ ಡಿಸ್ಕಾಗ್ಸ್ ಅಥವಾ ಮ್ಯೂಸಿಕ್‌ಬ್ರೇನ್ಜ್ ತಾಣದಲ್ಲಿ ಅದನ್ನು ಹಾಕಿ ಹುಡುಕಬಹುದು.

ಉತ್ತರ 8

ಒಟ್ಟಿಗೆ ಕೇಳೋದರ ಬಗ್ಗೆ. ವಿಡಿಯೊ ಕಾಲ್‌ನಲ್ಲಿ ಒಬ್ಬರು ಸ್ಪೀಕರ್ ಹಾಕಿ ಉಳಿದವರಿಗೆ ಕೇಳಿಸೋದು ಬೇಡವೇ ಬೇಡ. ಕರೆಯ ತಂತ್ರಾಂಶ ಮಾತನ್ನು ಉಳಿಸಿ ಉಳಿದದ್ದನ್ನು ಗದ್ದಲ ಅಂತ ಅಳಿಸುತ್ತೆ. ಎಳೆದ ಸ್ವರ, ಝಲ್ಲರಿ, ತಂಬೂರಿ ಮೊದಲು ಹೋಗುತ್ತವೆ. ಮಾಡಲೇಬೇಕಾದರೆ ಝೂಮ್‌ನಲ್ಲಿ ಸ್ಕ್ರೀನ್ ಶೇರ್ ಒತ್ತಿದಾಗ ಬರುವ "ಶೇರ್ ಸೌಂಡ್" ಗುರುತು ಹಾಕಿ, ಅದರ ಪಕ್ಕದಲ್ಲಿ ಮೊನೊ ಬದಲು ಸ್ಟೀರಿಯೊ ಆರಿಸಿ. ಮೈಕ್ ಮೂಲಕವೇ ಹಾಕೋದಾದರೆ "ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್" ಆನ್ ಮಾಡಿ.

ಇದಕ್ಕಿಂತ ಸುಲಭದ್ದು: ಎಲ್ಲರೂ ತಂತಮ್ಮ ಆ್ಯಪ್‌ನಲ್ಲಿ ಆಲ್ಬಂ ತೆರೆದು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಬಫರಿಂಗ್ ತಾಪತ್ರಯ ಇರೋದಿಲ್ಲ. ಒಬ್ಬರು ಗುಂಪಿನಲ್ಲಿ "8 ಗಂಟೆ 5 ನಿಮಿಷಕ್ಕೆ" ಅಂತ ಬರೆಯಿರಿ, ಫೋನಿನ ಗಡಿಯಾರ ನೋಡಿ ಒತ್ತಿ. ಒಂದೆರಡು ಸೆಕೆಂಡ್ ಹಿಂದೆ ಮುಂದೆ ಆದರೂ ಪರವಾಗಿಲ್ಲ, ಒಬ್ಬರ ಸದ್ದು ಇನ್ನೊಬ್ಬರಿಗೆ ಕೇಳಿಸೋದಿಲ್ಲವಲ್ಲ. ಮಾತು ಬೇಡ, ಅನಿಸಿದ್ದನ್ನು ಅಕ್ಷರದಲ್ಲಿ ಬರೆಯಿರಿ. ಬರೆಯುವಾಗ ಮೊದಲು ಟ್ರ್ಯಾಕ್ ಸಂಖ್ಯೆ, ಸಮಯ ಹಾಕಿ: "4, 2:30, ಈ ಕೊಳಲು ಯಾರು?" ಹೀಗೆ. ಯಾರಾದರೂ ತಡವಾಗಿ ಶುರು ಮಾಡಿದರೂ ಅವರು ಆ ಜಾಗಕ್ಕೆ ಬಂದಾಗ ಓದಿಕೊಳ್ಳಬಹುದು. ಉಚಿತ ಆವೃತ್ತಿಯಲ್ಲಿ ಕೇಳುವವರಿಗೆ ನಡುವೆ ಜಾಹೀರಾತು ಬಂದು ಹಿಂದೆ ಬೀಳುತ್ತಾರೆ. ಪ್ರತಿ ಸಲ ಟ್ರ್ಯಾಕ್ ಸಂಖ್ಯೆ ಬರೆಯೋ ಅಭ್ಯಾಸ ಇದ್ದರೆ ಅದೂ ಸಮಸ್ಯೆಯಲ್ಲ.